ಪದಚರ್ಚೆ: ‘ಕೋಶಾಂತರ’ ಎಂದರೆ ಕೋಶದ ಒಳಗಿನಿಂದಲೋ, ಕೋಶಗಳ ನಡುವಿನಿಂದಲೋ?

ಸ್ನೇಹಿತರಿಗೆ ನಮಸ್ಕಾರ.

ಮಂಡ್ಯದಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ಮೂತ್ರಪಿಂಡದ ಪಾಠಕ್ಕೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಒಂದು ಜೋಡಿ ಪದ ದಾರಿ ಬಿಡುತ್ತಿಲ್ಲ.

ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ ಮೂತ್ರಪಿಂಡದ ನಳಿಕೆಗಳಿಗೆ ಇಳಿಯುತ್ತದೆ. ಮೂತ್ರವಾಗಿ ಹೋಗುವುದು ಒಂದೂವರೆ ಲೀಟರಿನಷ್ಟು. ಉಳಿದದ್ದು ನಳಿಕೆಯ ಗೋಡೆಯ ಕೋಶಗಳ ಸಾಲನ್ನು ದಾಟಿ ರಕ್ತಕ್ಕೆ ಮರಳುತ್ತದೆ. ಇದಕ್ಕೆ ‘ಮರುಹೀರಿಕೆ’ ಚೆನ್ನಾಗಿ ಒಗ್ಗಿದೆ. ತೊಡಕಿರುವುದು ದಾಟುವ ಹಾದಿಯ ಹೆಸರಿನಲ್ಲಿ.

ಹಾದಿ ಎರಡು. ಗ್ಲೂಕೋಸ್ ನಳಿಕೆಯ ಕಡೆಯ ಪೊರೆಯಲ್ಲಿ ಸೋಡಿಯಂ ಜೊತೆಗೂಡಿ ಕೋಶವನ್ನು ಹೊಕ್ಕು, ರಕ್ತದ ಕಡೆಯ ಪೊರೆಯಿಂದ ಹೊರಬೀಳುತ್ತದೆ. ಸೋಡಿಯಂ ಹಾಗೆ ಒಳನುಗ್ಗಲು ಕಾರಣ ರಕ್ತದ ಕಡೆಯ ಪೊರೆಯಲ್ಲಿರುವ ಪಂಪು: ಪ್ರತಿ ಸಲವೂ 3 ಸೋಡಿಯಂ ಹೊರಗೆ, 2 ಪೊಟ್ಯಾಸಿಯಂ ಒಳಗೆ. ಇದು ಟ್ರಾನ್ಸ್‌ಸೆಲ್ಯುಲರ್ ಹಾದಿ. ಮೆಗ್ನೀಸಿಯಂ ಹಾಗಲ್ಲ, ಹೆನ್ಲೆಯ ಕುಣಿಕೆಯ (ನಳಿಕೆ ಕೆಳಗಿಳಿದು ಬಾಗಿ ಮೇಲೇರುವ ಭಾಗ) ದಪ್ಪ ಏರುಭಾಗದಲ್ಲಿ ಅದು ಅಕ್ಕಪಕ್ಕದ ಕೋಶಗಳ ನಡುವೆ ನುಸುಳುತ್ತದೆ. ಇದು ಪ್ಯಾರಾಸೆಲ್ಯುಲರ್.

ಮೊದಲನೆಯದಕ್ಕೆ ‘ಕೋಶಾಂತರ’ ಎಂದು ಬರೆದೆ. ಉತ್ತರಪತ್ರಿಕೆ ತಿದ್ದುವಾಗ ಎದೆ ಧಸಕ್ಕೆಂದಿತು. ಅರ್ಧ ತರಗತಿ ಎರಡು ಕೋಶಗಳ ನಡುವೆ ಬಾಣ ಎಳೆದಿತ್ತು. ತಪ್ಪು ಮಕ್ಕಳದಲ್ಲ. ‘ಅಂತರ’ ಎಂದರೆ ಅವರಿಗೆ ನಡುವಿನ ಜಾಗ. ಸಸಿ ನಾಟಿಗೆ ಬಿಡುವ ಅಂತರವನ್ನು ಕಂಡವರು ಅವರು.

ಗದ್ದೆ ಬಯಲಿನಿಂದ ಬರುವ ಹುಡುಗಿಯೊಬ್ಬಳು, ‘ಒಂದು ತೂಬಿನ ನೀರು, ಇನ್ನೊಂದು ಬದುವಿನಲ್ಲಿ ಒಸರುವ ನೀರು, ಅಲ್ಲವೇ ಮೇಡಂ?’ ಎಂದಳು. ತೂಬನ್ನು ತೆರೆಯಬಹುದು, ಮುಚ್ಚಬಹುದು. ಪೊರೆಯ ವಾಹಕಗಳಿಗೆ ಎಷ್ಟು ಹತ್ತಿರದ ಮಾತು! ಆದರೆ ‘ಒಸರು’ ಎಂದರೆ ಸೋರಿಕೆಯ ವಾಸನೆ ಬರುತ್ತದೆ. ಕೋಶಗಳ ನಡುವಿನ ಬಿಗಿ ಬೆಸುಗೆ ಸೋರುವ ಬದುವಲ್ಲ. ಅಲ್ಲಿನ ಕ್ಲಾಡಿನ್ ಪ್ರೋಟೀನುಗಳು ಯಾವ ಅಯಾನು (ವಿದ್ಯುದಾವೇಶವಿರುವ ಕಣ) ಹೋಗಬಹುದೆಂದು ಆರಿಸುತ್ತವೆ.

ಹೆಸರಿನಲ್ಲಿ ದಿಕ್ಕೂ ಇರಬಾರದು. ಪೆನಿಸಿಲಿನ್ ಕೋಶದೊಳಗಿನಿಂದಲೇ ಸಾಗಿದರೂ ರಕ್ತದಿಂದ ನಳಿಕೆಯತ್ತ ಬರುತ್ತದೆ.

ಸದ್ಯಕ್ಕೆ ‘ಕೋಶದೊಳಗಣ ಹಾದಿ’, ‘ಕೋಶಸಂದಿನ ಹಾದಿ’ ಎಂದಿಟ್ಟುಕೊಂಡಿದ್ದೇನೆ. ಎರಡನೆಯದು ಸಂಸ್ಕೃತಕ್ಕೆ ಕನ್ನಡ ಬೆಸೆದ ಅರಿಸಮಾಸವೆಂದು ಹಿರಿಯರು ಆಕ್ಷೇಪಿಸಬಹುದು. ನನಗೆ ಅದರ ಅಂಜಿಕೆಯಿಲ್ಲ. ಅಂಜಿಕೆ ಇರುವುದು ಮಹಾಪ್ರಾಣದ್ದು. ‘ಕೋಶಸಂಧಿ’ ಎಂದು ಬರೆದುಬಿಟ್ಟರೆ ನಡುವಿನ ಬಿರುಕಿನ ಬದಲು ಬೆಸುಗೆಯನ್ನೇ ಹೇಳಿದಂತಾಗುತ್ತದೆ. ‘ಸಂದು’ ಉಳಿಸಿಕೊಳ್ಳಲೇ, ಅಥವಾ ‘ಕೋಶಗಳ ನಡುವಣ ಹಾದಿ’ ಎಂದು ಬಿಡಿಸಿಯೇ ಬರೆಯಲೇ? ಬಲ್ಲವರು ತಿಳಿಸಬೇಕು.