ಟ್ಯಾಂಕಿ ತುಂಬಿದೆ ಅಂತ ಮೆಸೇಜ್ ಬಂತು

ಪೈಗಳ ಎಸಿ ಸಂಗತಿಯಿಂದಲೇ ಶುರು ಮಾಡಬೇಕು, ಯಾಕೆಂದರೆ ಅವತ್ತಿನ ಹರಟೆ ಹೊತ್ತಿಕೊಂಡದ್ದೇ ಅಲ್ಲಿಂದ. ನಮ್ಮ ಮುಲುಂಡಿನ ಸೊಸೈಟಿಯಲ್ಲಿ ಯಾವ ಹೊಸ ಸಾಮಾನು ಬಂದರೂ ಮೊದಲು ಪೈಗಳ ಮನೆಗೇ ಬರುವುದು. ಬಲ್ಬು, ಪ್ಲಗ್ಗು, ಗೀಸರು, ಬಾಗಿಲ ಗಂಟೆ, ಎಲ್ಲವೂ ಸ್ಮಾರ್ಟು. ಸಂಜೆ ದಾದರಿನಲ್ಲಿ ಫಾಸ್ಟ್ ಲೋಕಲ್ ಹತ್ತಿ, ಒಂದು ಕೈಯಲ್ಲಿ ಮೇಲಿನ ಹಿಡಿಕೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಹೇಗೋ ಫೋನ್ ತೆಗೆದು, ಘಾಟ್ಕೋಪರ್ ಬರುವಷ್ಟರಲ್ಲಿ ಮನೆಯ ಎಸಿ ಆನ್ ಮಾಡುತ್ತಾರೆ. ಮನೆಗೆ ಬಂದರೆ ಕೋಣೆ ಕುದಿಯುತ್ತಿರುತ್ತದೆ. ಅವರ ಅಮ್ಮ ಖಾಲಿ ಕೋಣೆಯ ಸ್ವಿಚ್‌ಗಳನ್ನೆಲ್ಲ ಆರಿಸಿಯೇ ಹೊರಗೆ ಬರುವವರು. ಎಂಬತ್ತು ದಾಟಿದ ಕೈ, ಒಂದು ಸ್ವಿಚ್ಚನ್ನೂ ಬಿಡುವುದಿಲ್ಲ.

"ಅಮ್ಮನ ಫೋನಿಗೂ ಒಂದು ಆ್ಯಪ್ ಹಾಕಿಕೊಡಿ ಮಾರಾಯ್ರೆ" ಅಂದರು ಶೆಟ್ಟರು, ಗಲ್ಲಾದಿಂದಲೇ.

"ಆ್ಯಪ್ ಯಾಕ್ರೀ? ಆ ಮನೆಗೆ ಅವರೇ ಅಡ್ಮಿನ್" ಅಂದರು ಕುಲಕರ್ಣಿ ಕಾಕಾ.

ಭಾನುವಾರ ಬೆಳಿಗ್ಗೆ ಶೆಟ್ಟರ ಹೋಟೆಲಿನಲ್ಲಿ ಗಲ್ಲಾದ ಪಕ್ಕದ ಮೇಜು ನಮ್ಮದು. ಪೈಗಳು ಹೊನ್ನಾವರದವರು, ವಿಮೆ ಏಜೆಂಟು, ಮೇಲಾಗಿ ಸೊಸೈಟಿಯ ಸೆಕ್ರೆಟರಿ. ಕುಲಕರ್ಣಿ ಕಾಕಾ ಹುಬ್ಬಳ್ಳಿಯವರು, ರೈಲ್ವೆ ಸಿಗ್ನಲ್ ವಿಭಾಗದಲ್ಲಿ ಜೀವ ತೇಯ್ದು ನಿವೃತ್ತರಾದವರು. ಸ್ವಾತಿ ಮೈಸೂರಿನ ಹುಡುಗಿ, ಐರೋಲಿಯಲ್ಲಿ ಸಾಫ್ಟ್‌ವೇರ್ ಕೆಲಸ, ನಮ್ಮ ಅಜ್ಞಾನವನ್ನೆಲ್ಲ ಒಂದು ಮಸಾಲೆದೋಸೆಗೆ ತಿದ್ದಿಕೊಡುತ್ತಾಳೆ.

"ಅಜ್ಜಿ ಸ್ವಿಚ್ ಆರಿಸಿದರೆ ಸ್ಮಾರ್ಟ್ ಬಲ್ಬು ಬರೀ ಗಾಜಿನ ಬುರುಡೆ ಅಷ್ಟೇ ಅಂಕಲ್" ಅಂದಳು ಸ್ವಾತಿ. "ಫೋನಿನ ಮಾತು ಕೇಳಬೇಕಾದರೆ ಅದರೊಳಗಿನ ರೇಡಿಯೋ ಎಚ್ಚರ ಇರಬೇಕು. ಬೆಳಕು ಕೊಡದೆ ಇದ್ದಾಗಲೂ ಚೂರು ಕರೆಂಟ್ ಬೇಕು."

"ಆರಿರುವಾಗಲೂ ಕರೆಂಟ್ ತಿನ್ನುತ್ತದಾ? ಇದನ್ನು ಮಾತ್ರ ಅಮ್ಮನಿಗೆ ಹೇಳಬೇಡಮ್ಮ."

ಪೈಗಳ ಇನ್ನೊಂದು ಸಂಕಟ ಆ್ಯಪ್‌ಗಳದ್ದು. ಬಲ್ಬಿಗೆ ಒಂದು, ಪ್ಲಗ್ಗಿಗೆ ಇನ್ನೊಂದು, ಬಾಗಿಲ ಗಂಟೆಗೆ ಮತ್ತೊಂದು, ಒಂದಕ್ಕೊಂದು ಮಾತಿಲ್ಲ ಕತೆಯಿಲ್ಲ. ಇದಕ್ಕೇ ಅಂತ ಆಪಲ್, ಗೂಗಲ್, ಅಮೆಜಾನ್, ಸ್ಯಾಮ್‌ಸಂಗ್‌ನಂಥ ಹುಟ್ಟಾ ಎದುರಾಳಿಗಳೆಲ್ಲ ಸೇರಿ 2022ರ ಅಕ್ಟೋಬರಿನಲ್ಲಿ ಮ್ಯಾಟರ್ ಅಂತ ಒಂದು ಒಪ್ಪಂದದ ಭಾಷೆ ಹೊರಗೆ ತಂದಿದ್ದಾರೆ, ಆ ಗುರುತು ಇರುವ ಸಾಮಾನುಗಳು ಯಾವ ಕಂಪನಿಯದ್ದಾದರೂ ಪರಸ್ಪರ ಮಾತಾಡುತ್ತವೆ ಅಂತ ಸ್ವಾತಿ ಹೇಳಿದಳು. ಪೈಗಳ ಮುಖ ಅರಳಿತು. ನಿಮ್ಮದೆಲ್ಲ ಅದಕ್ಕೂ ಮುಂಚಿನವು ಅಂದಳು. ಮುಖ ಬಾಡಿತು. ಅಷ್ಟಕ್ಕೇ ಬಿಡಬಾರದೇ? ಅಮೆರಿಕದ ರಿವಾಲ್ವ್ ಅನ್ನೋ ಡಬ್ಬಿಯ ಕತೆಯನ್ನೂ ಹೇಳಿದಳು. ಮನೆಯ ಸಾಮಾನುಗಳನ್ನೆಲ್ಲ ಜೋಡಿಸುವ ಡಬ್ಬಿ ಅದು. 2014ರಲ್ಲಿ ಆ ಕಂಪನಿಯನ್ನು ಗೂಗಲ್‌ನವರ ನೆಸ್ಟ್ ಕಂಪನಿ ಕೊಂಡುಕೊಂಡಿತು, 2016ರ ಮೇ ತಿಂಗಳಲ್ಲಿ ಸರ್ವರ್ ಬಂದ್ ಮಾಡಿತು, ಕೊಂಡವರ ಮನೆಯ ಡಬ್ಬಿಗಳೆಲ್ಲ ಒಂದೇ ಸಲ ಕೈಲಾಸ ಸೇರಿದವು.

"ಅಲ್ರೀ, ದುಡ್ಡು ಕೊಟ್ಟವರು ನಾವು. ಅವರ ಆಫೀಸಿನಲ್ಲಿ ಫ್ಯೂಸ್ ತೆಗೆದರೆ ನಮ್ಮ ಮನೆಯಲ್ಲಿ ಕತ್ತಲೆಯೇ?" ಅಂದರು ಕಾಕಾ. ಪೈಗಳು ತುಟಿ ಬಿಚ್ಚಲಿಲ್ಲ.

ಇದನ್ನೆಲ್ಲ ಮೊದಲು ಹಚ್ಚಿಕೊಂಡ ಪುಣ್ಯಾತ್ಮ ಯಾರು ಅಂತ ಶೆಟ್ಟರ ಪ್ರಶ್ನೆ. ಉತ್ತರ ಕೇಳಿ ಅವರಿಗೆ ಬಹಳ ಸಂತೋಷವಾಯಿತು, ಯಾಕೆಂದರೆ ಮೂಲದಲ್ಲಿ ಇರುವುದು ಕೂಲ್‌ಡ್ರಿಂಕ್ ಮತ್ತು ಕಾಫಿ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1982ರ ಸುಮಾರಿಗೆ ಹುಡುಗರು ಕೋಕ್ ಮಾರುವ ಯಂತ್ರವನ್ನು ನೆಟ್‌ವರ್ಕಿಗೆ ಜೋಡಿಸಿದರು. ಅಷ್ಟು ದೂರ ನಡೆದು ಹೋದ ಮೇಲೆ ಬಾಟಲಿ ಖಾಲಿ, ಇದ್ದರೂ ಬಿಸಿ, ಅನ್ನುವುದು ಅವರ ದುಃಖ. ಕೂತಲ್ಲಿಂದಲೇ ಯಾವ ಸಾಲಿನಲ್ಲಿ ತಣ್ಣಗಿದೆ ಅಂತ ನೋಡಿಕೊಂಡು ಆಮೇಲೆ ಏಳುತ್ತಿದ್ದರು. 1991ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಕಾಫಿ ಪಾತ್ರೆಯ ಎದುರಿಗೇ ಕ್ಯಾಮೆರಾ ಇಟ್ಟರು, ಎರಡು ವರ್ಷದ ಮೇಲೆ ಅದು ವೆಬ್ಬಿಗೂ ಬಂತು, 2001ರಲ್ಲಿ ಆರಿಸುವವರೆಗೂ ಲೋಕದ ಎಲ್ಲೆಲ್ಲಿಯವರೋ ಕೂತು ಆ ಪಾತ್ರೆಯನ್ನು ನೋಡುತ್ತಿದ್ದರು. ಹೀಗೆ ಸಾಮಾನುಗಳನ್ನು ಇಂಟರ್ನೆಟ್ಟಿಗೆ ಜೋಡಿಸುವುದಕ್ಕೆ ಇಂಟರ್ನೆಟ್ ಆಫ್ ಥಿಂಗ್ಸ್ ಅನ್ನುವ ಹೆಸರು ಬಂದದ್ದು 1999ರಲ್ಲಿ. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯಲ್ಲಿದ್ದ ಕೆವಿನ್ ಆ್ಯಷ್ಟನ್ ಎಂಬಾತನ ತಲೆನೋವು ಇಷ್ಟೇ: ಒಂದು ಬಣ್ಣದ ಲಿಪ್‌ಸ್ಟಿಕ್ ಅಂಗಡಿಯ ಕಪಾಟಿನಲ್ಲಿ ಯಾವಾಗ ನೋಡಿದರೂ ಖಾಲಿ, ಗೋಡೌನಿನಲ್ಲಿ ಮಾತ್ರ ರಾಶಿ. ಲಿಪ್‌ಸ್ಟಿಕ್ಕಿಗೇ ಒಂದು ಚಿಕ್ಕ ರೇಡಿಯೋ ಚೀಟಿ ಹಚ್ಚಿದರೆ ತಾನು ಎಲ್ಲಿದ್ದೇನೆ ಅಂತ ಅದೇ ಹೇಳುತ್ತದಲ್ಲ ಅಂತ ಯೋಚಿಸಿದ.

"ನಮ್ಮಲ್ಲೂ ಅದೇ ಕತೆ. ತೆಂಗಿನಕಾಯಿ ಮಾಳಿಗೆಯಲ್ಲಿ ಉಂಟು, ಚಟ್ನಿ ಮಾತ್ರ ಇಲ್ಲ" ಅಂದರು ಶೆಟ್ಟರು.

ಅಷ್ಟರಲ್ಲಿ ಗಲ್ಲಾದ ಮೇಲಿನ ಸೌಂಡ್‌ಬಾಕ್ಸ್ ಎಂಬತ್ತು ರೂಪಾಯಿ ಬಂತು ಅಂತ ಹಿಂದಿಯಲ್ಲಿ ಕೂಗಿತು. ನನ್ನ ಕೇಳಿದರೆ ಈ ಊರಿನಲ್ಲಿ ಇಂಟರ್ನೆಟ್ಟಿಗೆ ಜೋಡಿಸಿದ ಸಾಮಾನುಗಳ ಪೈಕಿ ನಿಜವಾಗಿ ದುಡಿಯುತ್ತಿರುವುದು ಇದೊಂದೇ. ವಡಾಪಾವ್ ಗಾಡಿಯಿಂದ ಮೀನಿನ ಬುಟ್ಟಿಯವರೆಗೆ ಎಲ್ಲ ಕಡೆ ಇದೆ, ಯಾರೂ ಇದನ್ನು ಸ್ಮಾರ್ಟ್ ಅಂತ ಕರೆಯುವುದೂ ಇಲ್ಲ. ಒಳಗೆ ಸಿಮ್ ಕಾರ್ಡಿದೆ. ವೈಫೈ ಬೇಡ, ಆ್ಯಪ್ ತೆರೆಯಬೇಕಿಲ್ಲ. ಮೊದಲೆಲ್ಲ ಗಿರಾಕಿ ಫೋನ್ ತೋರಿಸಿ "ಹೋಯ್ತು, ಹೋಯ್ತು" ಅಂತ ಹೊರಡುತ್ತಿದ್ದ, ತೋರಿಸಿದ್ದು ಹಳೆಯ ಸ್ಕ್ರೀನ್‌ಶಾಟೋ ಏನೋ ಶೆಟ್ಟರಿಗೆ ಕನ್ನಡಕ ಹುಡುಕುವಷ್ಟರಲ್ಲಿ ಆತ ರಸ್ತೆ ದಾಟಿಯಾಗಿರುತ್ತಿತ್ತು. ಈಗ ಡಬ್ಬಿ ಕೂಗದೆ ಯಾರೂ ಮೆಟ್ಟಿಲು ಇಳಿಯುವುದಿಲ್ಲ. ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿನ ಗಾಜಿಗೆ ಅಂಟಿಸಿರುವ ಫಾಸ್ಟ್ಯಾಗ್ ಕೂಡ ಇದೇ ಜಾತಿ. ಅದರಲ್ಲಿ ಬ್ಯಾಟರಿಯೂ ಇಲ್ಲ, ಟೋಲಿನವರ ಯಂತ್ರ ಕಳಿಸುವ ರೇಡಿಯೋ ಅಲೆಯಿಂದಲೇ ಚೂರು ಶಕ್ತಿ ತೆಗೆದುಕೊಂಡು ತನ್ನ ನಂಬರ್ ಹೇಳಿ ಸುಮ್ಮನಾಗುತ್ತದೆ. ಒಂದು ಮಾತು, ಕೇಳಬೇಕಾದವರಿಗೆ ಮಾತ್ರ. ಪೈಗಳಿಗೆ ಇದು ಒಪ್ಪಿಗೆಯಿಲ್ಲ. ಮಾಹಿತಿ ಎಲ್ಲರಿಗೂ ತಲುಪಬೇಕು ಅನ್ನುವವರು ಅವರು.

ಹಾಗೆ ಎಲ್ಲರಿಗೂ ತಲುಪಿಸಲು ಹೋಗಿಯೇ ಟ್ಯಾಂಕಿ ಪ್ರಕರಣ ಆದದ್ದು.

ನಮ್ಮಲ್ಲಿ ಪಾಲಿಕೆಯ ನೀರು ದಿನಕ್ಕೆ ಕೆಲವೇ ಗಂಟೆ ಬರುತ್ತದೆ. ಬಂದದ್ದು ನೆಲದಡಿಯ ಟ್ಯಾಂಕಿಗೆ ಬೀಳುತ್ತದೆ, ಅಲ್ಲಿಂದ ಪಂಪ್ ಹಾಕಿ ತಾರಸಿಯ ಟ್ಯಾಂಕಿಗೆ ಏರಿಸಬೇಕು. ವಾಚ್‌ಮನ್ ತಿವಾರಿ ಬೆಳಗಿನ ಜಾವ ತಾರಸಿಗೆ ಹೋಗಿ, ಏಣಿ ಹತ್ತಿ, ಮುಚ್ಚಳ ಸರಿಸಿ, ಟಾರ್ಚ್ ಬಿಟ್ಟು ನೋಡಿ, ಇಳಿದು ಬಂದು ಪಂಪ್ ಹಾಕುತ್ತಿದ್ದ. ಪೈಗಳು ಸೆಕ್ರೆಟರಿ ಆದ ಮೇಲೆ ಇಂಥ ಕಾಲದಲ್ಲೂ ಏಣಿಯೇ ಅಂತ ಮುಚ್ಚಳದ ಒಳಮೈಗೆ ಒಂದು ಸೆನ್ಸರ್ ಹಾಕಿಸಿದರು. ಅದರ ಕೆಲಸ ಸರಳ. ನಮ್ಮ ಕಿವಿಗೆ ಕೇಳದ ಒಂದು ಶಬ್ದವನ್ನು ಕೆಳಗೆ ಕಳಿಸುತ್ತದೆ, ನೀರಿಗೆ ತಾಗಿ ಮರಳಿ ಬರಲು ಎಷ್ಟು ಹೊತ್ತಾಯಿತು ಅಂತ ಅಳೆಯುತ್ತದೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ಅಲ್ಲಿಂದ ನೀರು ಎಷ್ಟು ಕೆಳಗಿದೆ ಅಂತ ಲೆಕ್ಕ. ಅದನ್ನು ಮೇಲಿನ ಮಹಡಿಯ ದೇಶಪಾಂಡೆಯವರ ಮನೆಯ ವೈಫೈ ಹಿಡಿದು ಸೆನ್ಸರಿನ ಆ್ಯಪ್‌ಗೂ ಸೊಸೈಟಿಯ ವಾಟ್ಸಾಪ್ ಗುಂಪಿಗೂ ಹಾಕುವುದು. ಮೊದಲ ವಾರ ಜನ ಟ್ಯಾಂಕಿಯ ಪರ್ಸೆಂಟನ್ನು ಕ್ರಿಕೆಟ್ ಸ್ಕೋರಿನಂತೆ ನೋಡಿದರು.

ಆಮೇಲೆ ಒಂದು ಬೆಳಿಗ್ಗೆ ಐದಕ್ಕೆ "ನೀರು 15%" ಅಂತ ಬಂತು. ಎಪ್ಪತ್ತೆರಡು ಮನೆಗೂ ಬಂತು. ಒಬ್ಬರು ಹೆಬ್ಬೆರಳು ಎತ್ತಿದರು, ಒಬ್ಬರು ಕೈಮುಗಿದರು, ಒಬ್ಬರು ಅದರ ಕೆಳಗೇ ಹೂವಿನ ಚಿತ್ರ ಹಾಕಿ ಶುಭೋದಯ ಅಂದರು. ಪಂಪ್ ಮಾತ್ರ ಯಾರೂ ಹಾಕಲಿಲ್ಲ. ಹಾಕಬೇಕಾದ ತಿವಾರಿಗೆ ಗೊತ್ತೇ ಇಲ್ಲ, ಗುಂಪಿಗೆ ಫ್ಲ್ಯಾಟ್ ಮಾಲೀಕರಿಗೆ ಮಾತ್ರ ಪ್ರವೇಶ ಅಂತ ಕಮಿಟಿಯಲ್ಲಿ ಠರಾವು ಆಗಿತ್ತು. ಇನ್ನು ಮೇಲೆ ಏಣಿ ಹತ್ತಬೇಡ, ಮಷೀನ್ ನೋಡಿಕೊಳ್ಳುತ್ತದೆ ಅಂತ ಅವನಿಗೆ ಹೇಳಿದ್ದೂ ಆಗಿತ್ತು. ಎಂಟು ಗಂಟೆಗೆ ಎಲ್ಲರೂ ಸೋಪು ಹಚ್ಚಿಕೊಂಡು ನಿಂತಾಗ ನಲ್ಲಿ ಬುಸ್ ಅಂದಿತು.

"ಹೇಳಿತ್ತಲ್ಲ ಮಷೀನು!" ಅಂದರು ಪೈಗಳು.

"ಹೇಳಿತ್ತು. ನನಗೆ ಹೇಳಿತ್ತು, ಅದು ನಿಮಗೆ ಅಂತ ಅಂದುಕೊಂಡೆ" ಅಂದರು ಕಾಕಾ. ನಾವೆಲ್ಲರೂ ಹಾಗೇ ಅಂದುಕೊಂಡಿದ್ದು.

ಎರಡನೆಯದು ಇದಕ್ಕಿಂತ ಜೋರು. ಗಣಪತಿ ಹಬ್ಬ, ಮನೆಮನೆಯಲ್ಲೂ ನೆಂಟರು, ಮೋದಕಕ್ಕೆ ಹಿಟ್ಟು ಬೇಯುತ್ತಿದೆ. ಯಾರು ಯಾವಾಗ ಆ್ಯಪ್ ತೆಗೆದರೂ ಟ್ಯಾಂಕಿ 82%. ಒಂದು ಹನಿ ಆಚೆ ಈಚೆ ಇಲ್ಲ. ಇಷ್ಟು ಜನ ಇದ್ದೂ ನೀರು ಕಮ್ಮಿ ಆಗುತ್ತಿಲ್ಲವಲ್ಲ, ಎಲ್ಲ ಗಣಪತಿಯ ಮಹಿಮೆ ಅಂತ ಯಾರೋ ಗುಂಪಿನಲ್ಲಿ ಬರೆದರು. ನಲ್ಲಿ ಒಣಗಿದ ಮೇಲೆ ವಿಷಯ ಹೊರಬಿತ್ತು. ದೇಶಪಾಂಡೆಯವರು ರತ್ನಾಗಿರಿಗೆ ಹಬ್ಬಕ್ಕೆ ಹೋಗಿದ್ದಾರೆ, ಹೋಗುವಾಗ ಶಿಸ್ತಾಗಿ ಮೇನ್ ಸ್ವಿಚ್ ಇಳಿಸಿದ್ದಾರೆ. ವೈಫೈ ಇಲ್ಲ. ಆ್ಯಪ್ ತನಗೆ ಕೊನೆಯದಾಗಿ ಬಂದ ಅಂಕಿಯನ್ನೇ ಹಿಡಿದುಕೊಂಡು ಕೂತಿದೆ.

ಇಲ್ಲಿ ಕಾಕಾ ಚಹಾದ ಲೋಟ ಕೆಳಗಿಟ್ಟರು. ಅವರು ಲೋಟ ಕೆಳಗಿಟ್ಟರೆ ರೈಲ್ವೆ ಶುರು ಅಂತ ಅರ್ಥ.

"ನೋಡ್ರೀ, ಸಾಮಾನು ಸಾಮಾನಿಗೆ ಮಾತಾಡೋದು ಹೊಸದೇನಲ್ಲ. 1872ರಲ್ಲಿ ಅಮೆರಿಕದ ವಿಲಿಯಂ ರಾಬಿನ್‌ಸನ್ ಅನ್ನುವವನು ಟ್ರ್ಯಾಕ್ ಸರ್ಕ್ಯೂಟಿಗೆ ಪೇಟೆಂಟ್ ತಗೊಂಡ. ಎರಡು ಹಳಿಗಳಲ್ಲಿ ಸಣ್ಣ ಕರೆಂಟ್ ಹರೀತಿರ್ತದ, ಆ ಕಡೆ ರಿಲೇ ಅನ್ನೋ ಒಂದು ಸ್ವಿಚ್ಚನ್ನು ಎತ್ತಿ ಹಿಡಿದಿರ್ತದ. ಗಾಡಿ ಬಂದರೆ ಗಾಲಿಯ ಅಚ್ಚೇ ಎರಡೂ ಹಳಿಯನ್ನು ಕೂಡಿಸಿ ಕರೆಂಟನ್ನು ಅಲ್ಲೇ ತಿರುಗಿಸ್ತದ, ರಿಲೇ ಬೀಳ್ತದ, ಹಿಂದಿನ ಸಿಗ್ನಲ್ ಕೆಂಪು. ಈಗ ಹೇಳ್ರಿ, ವಾಯರ್ ಕಡಿದರೆ?"

"ರಿಲೇ ಬೀಳುತ್ತೆ" ಅಂದಳು ಸ್ವಾತಿ.

"ಬ್ಯಾಟರಿ ಸತ್ತರೆ?"

"ಆಗಲೂ ಬೀಳುತ್ತೆ. ಕೆಂಪು."

"ಶಾಣ್ಯಾಕಿ ಇದ್ದೀ ತಂಗಿ! ಗೊತ್ತಿಲ್ಲ ಅಂದರೆ ಕೆಂಪು. ನಿಮ್ಮ ಟ್ಯಾಂಕಿ ಏನು ಮಾಡಿತು ಪೈಗಳೇ? ಗೊತ್ತಿಲ್ಲ ಅಂದರೆ 82 ಅಂತು. ನಮ್ಮ ಇಲಾಖೆಯಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಕಲ್ಯಾಣದ ಗಾಡಿ ಠಾಣೆಯ ಗಾಡಿಯ ಮೇಲೆ ಕೂತಿರುತ್ತಿತ್ತು."

ಸ್ವಾತಿ ಅಲ್ಲೇ ಲ್ಯಾಪ್‌ಟಾಪ್ ತೆಗೆದಳು. ಹದಿನೈದು ನಿಮಿಷ ಸೆನ್ಸರ್ ಸುದ್ದಿ ಕೊಡದಿದ್ದರೆ ಟ್ಯಾಂಕಿ ಖಾಲಿ ಅಂತಲೇ ಲೆಕ್ಕ. ಮೆಸೇಜು ಗುಂಪಿಗಲ್ಲ, ತಿವಾರಿಗೆ ಫೋನ್ ಕರೆ. ಅವನು ಎತ್ತದಿದ್ದರೆ ಸೆಕ್ರೆಟರಿಗೆ.

"ಬೆಳಿಗ್ಗೆ ಐದಕ್ಕಾ?" ಅಂದರು ಪೈಗಳು.

"ಮಾಹಿತಿ ತಲುಪಬೇಕು ಅಂದವರು ನೀವೇ ಅಲ್ವಾ?" ಅಂದೆ.

ಇಷ್ಟಾದ ಮೇಲೂ ಸೆನ್ಸರಿನ ಮೂತಿಗೆ ಆವಿಯ ಹನಿ ಹಿಡಿದು ಆಗಾಗ ತಪ್ಪು ಲೆಕ್ಕ ಬರುತ್ತದೆ. ಅದನ್ನು ಒರೆಸಲು ತಿವಾರಿ ಏಣಿ ಹತ್ತುತ್ತಾನೆ. ಹತ್ತಿದ ಮೇಲೆ ಹೇಗೂ ಒಳಗೆ ಟಾರ್ಚ್ ಬಿಟ್ಟು ನೋಡಿಯೇ ಇಳಿಯುತ್ತಾನೆ.

ಮಾತು ಕ್ಯಾಮೆರಾಕ್ಕೆ ಹೊರಳಿತು. ಶೆಟ್ಟರ ಹೋಟೆಲಿನಲ್ಲಿ ಕ್ಯಾಮೆರಾ ಇದೆ, ಊರಿಗೆ ಹೋದಾಗ ಕಾರ್ಕಳದಿಂದಲೇ ಗಲ್ಲಾ ನೋಡುತ್ತಾರೆ. ಪಾಸ್‌ವರ್ಡ್ ಏನು ಅಂತ ಸ್ವಾತಿ ಕೇಳಿದ್ದಕ್ಕೆ "ಅದರಲ್ಲೇ ಬಂದದ್ದು ಉಂಟಲ್ಲ" ಅಂದರು, ಹೊಸ ಮಿಕ್ಸಿಯ ಜತೆ ಬಂದ ಜಾರಿನ ಬಗ್ಗೆ ಹೇಳುವಷ್ಟೇ ನೆಮ್ಮದಿಯಲ್ಲಿ. ಸ್ವಾತಿ ತಲೆ ಹಿಡಿದುಕೊಂಡಳು. 2016ರಲ್ಲಿ ಮಿರಾಯ್ ಅಂತ ಒಂದು ವೈರಸ್ ಬಂತು, ಕಾರ್ಖಾನೆಯವರು ಇಟ್ಟು ಕಳಿಸುವ ಅರವತ್ತು ಚಿಲ್ಲರೆ ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಹಾಕಿ ನೋಡುವುದಷ್ಟೇ ಅದರ ಜಾಣತನ, ಅಷ್ಟಕ್ಕೇ ಲಕ್ಷಗಟ್ಟಲೆ ಕ್ಯಾಮೆರಾ, ರೆಕಾರ್ಡರ್, ರೂಟರುಗಳು ಅದರ ಕೈವಶ. ಆ ಅಕ್ಟೋಬರ್ 21ರಂದು ಅಂಥವು ಸಾವಿರಗಟ್ಟಲೆ ಒಟ್ಟಿಗೆ, ವೆಬ್‌ಸೈಟಿನ ಹೆಸರು ಹೇಳಿದರೆ ಅದರ ವಿಳಾಸ ಹುಡುಕಿಕೊಡುವ ಡೈನ್ ಎಂಬ ಕಂಪನಿಯ ಮೇಲೆ ಮುಗಿಬಿದ್ದು ಟ್ವಿಟರ್, ನೆಟ್‌ಫ್ಲಿಕ್ಸ್‌ಗಳೆಲ್ಲ ಅಮೆರಿಕದಲ್ಲಿ ಗಂಟೆಗಟ್ಟಲೆ ತೆರೆಯಲಿಲ್ಲ. ಆ ವೈರಸ್ ಬರೆದವರು ಇಪ್ಪತ್ತರ ಆಸುಪಾಸಿನ ಮೂವರು ಹುಡುಗರು, ಅದರ ಹಿಂದೆ ಇದ್ದದ್ದು ಮೈನ್‌ಕ್ರಾಫ್ಟ್ ಆಟದ ಸರ್ವರ್ ವ್ಯಾಪಾರದ ಪೈಪೋಟಿ.

"ಹಾಗಾದರೆ ನನ್ನ ಕ್ಯಾಮೆರಾವೂ ಅಮೆರಿಕಕ್ಕೆ ಹೋಗಿ ಗಲಾಟೆ ಮಾಡಿ ಬಂದಿರಬಹುದಾ?" ಶೆಟ್ಟರ ದನಿಯಲ್ಲಿ ಹೆದರಿಕೆಗಿಂತ ಹೆಮ್ಮೆಯೇ ಜಾಸ್ತಿ ಇತ್ತು.

ಪಾಸ್‌ವರ್ಡ್ ಬದಲಾಯಿತು. ಶೆಟ್ಟರು ಅದನ್ನು ಮರೆಯಬಾರದು ಅಂತ ಗಲ್ಲಾದ ಹಿಂದಿನ ಕ್ಯಾಲೆಂಡರಿನಲ್ಲಿ ದಪ್ಪ ಪೆನ್ನಿನಿಂದ ಬರೆದರು. ಆ ಕ್ಯಾಲೆಂಡರು ಕ್ಯಾಮೆರಾದಲ್ಲಿ ಚೆನ್ನಾಗಿ ಕಾಣುತ್ತದೆ.

ಟ್ಯಾಂಕಿಯ ಸೆನ್ಸರು ಎತ್ತರ ಅಳೆಯುತ್ತದೆ ಅಂದದ್ದು ಮಾತ್ರ ಅವರ ತಲೆಯಲ್ಲಿ ಉಳಿದುಬಿಟ್ಟಿತ್ತು. ಮಳೆಗಾಲದಲ್ಲಿ ಇಡ್ಲಿ ಹಿಟ್ಟು ಬೇಗ ಉಕ್ಕುವುದಿಲ್ಲ, ಮೇನಲ್ಲಿ ನಡುರಾತ್ರಿಗೇ ಪಾತ್ರೆಯಿಂದ ಹೊರಗೆ. ಹಿಟ್ಟಿನ ಪಾತ್ರೆಯ ಮೇಲೆ ಅದೇ ಸೆನ್ಸರ್ ಕಟ್ಟಿದರೆ? ಕಟ್ಟಬಹುದು ಅಂದಳು ಸ್ವಾತಿ, ಉಷ್ಣತೆ ನೋಡುವ ಇನ್ನೊಂದನ್ನೂ ಸೇರಿಸಿದರೆ ಎಷ್ಟು ಹೊತ್ತಿಗೆ ಉಕ್ಕುತ್ತದೆ ಅಂತ ಮೊದಲೇ ಹೇಳಬಹುದು. ಪೈಗಳು ಆಗಲೇ ಫೋನಿನಲ್ಲಿ ರೇಟ್ ನೋಡುತ್ತಿದ್ದರು.

ಶೆಟ್ಟರು ಒಳಗಿನ ಭಟ್ಟರನ್ನು ಕರೆದರು. ಭಟ್ಟರು ಕೈ ಒರೆಸಿಕೊಳ್ಳುತ್ತ ಬಂದು, ಎಲ್ಲವನ್ನೂ ಸಮಾಧಾನದಿಂದ ಕೇಳಿದರು.

"ಹಿಟ್ಟು ಉಕ್ಕಿದ್ದು ನನಗೆ ಮಲಗಿದಲ್ಲಿಗೇ ಪರಿಮಳದಲ್ಲಿ ಗೊತ್ತಾಗ್ತದೆ ಶೆಟ್ರೇ. ಗ್ರೈಂಡರ್ ತೊಳೆಯುವ ಸೆನ್ಸರ್ ಉಂಟಾ ಕೇಳಿ."

ಶೆಟ್ಟರು ಚಿಲ್ಲರೆ ಎಣಿಸತೊಡಗಿದರು. "ಅದು ಇನ್ನೂ ಬರಲಿಲ್ಲ ಭಟ್ರೇ" ಅಂದರು, ತಲೆ ಎತ್ತದೆ.