ಪ್ರಶ್ನೋತ್ತರ: ಹೋಮ್‌ಸ್ಕೂಲ್ ಪ್ಲಾನರ್ ತುಂಬಾ ಕೆಂಪು, ಏನು ಮಾಡಲಿ?

ಪ್ರಶ್ನೆ (ಪೆನ್ಸಿಲ್ವೇನಿಯಾದ ಪಿಟ್ಸ್‌ಬರ್ಗ್ ಹತ್ತಿರದ ಒಬ್ಬ ಅಮ್ಮ): ನಮಸ್ಕಾರ ಮೇಡಂ. ಮಗಳು ಮೂರನೇ ಗ್ರೇಡ್. ಈ ಜುಲೈಯಿಂದ ಮನೆಯಲ್ಲೇ ಓದಿಸುತ್ತಿದ್ದೇವೆ, ಹಾಗಂತ ಸ್ಕೂಲ್ ಡಿಸ್ಟ್ರಿಕ್ಟ್‌ಗೆ ಅಫಿಡವಿಟ್ ಕೊಟ್ಟಾಗಿದೆ. ದುಡ್ಡು ಕಟ್ಟಿ ಒಂದು ಪ್ಲಾನರ್ ಆ್ಯಪ್ ತಗೊಂಡು ಇಡೀ ವರ್ಷದ ಪಾಠವನ್ನು ದಿನಕ್ಕಿಷ್ಟು ಅಂತ ತುಂಬಿಸಿಟ್ಟೆ. ಈಗ ಅಕ್ಟೋಬರ್. ತೆರೆದರೆ ಸಾಕು, ಬಾಕಿ ಪಾಠಗಳೆಲ್ಲ ಕೆಂಪು ಕೆಂಪು. ನಮ್ಮನೆಯವರು ಎಕ್ಸೆಲ್ ಸಾಕು ಅಂತಾರೆ. ಡಿಸೆಂಬರ್‌ನಲ್ಲಿ ಮೈಸೂರಿಗೂ ಹೋಗುವವರಿದ್ದೇವೆ. ನೀವು ಮನೆಯಲ್ಲಿ ಓದುವ ಮಕ್ಕಳ ಕಲಿಕೆ ನೋಡಿ ಪತ್ರ ಕೊಡುವ ಇವ್ಯಾಲ್ಯುಯೇಟರ್ ಅಲ್ವಾ, ವರ್ಷದ ಕೊನೆಗೆ ನಿಜವಾಗಿ ಏನು ನೋಡ್ತೀರಿ?

ಉತ್ತರ (ಪೆನ್ಸಿಲ್ವೇನಿಯಾದ ಸರ್ಟಿಫೈಡ್ ಶಿಕ್ಷಕಿ, ಇವ್ಯಾಲ್ಯುಯೇಟರ್): ಕೆಂಪು ಬಣ್ಣ ನಾನಂತೂ ನೋಡುವುದಿಲ್ಲ! ನಿಮ್ಮ ಪ್ಲಾನ್ ಎಷ್ಟು ಪರ್ಸೆಂಟ್ ಮುಗಿಯಿತು ಅಂತ ಪೆನ್ಸಿಲ್ವೇನಿಯಾ ಕಾನೂನು ಕೇಳುವುದೂ ಇಲ್ಲ. ಅದು ಕೇಳುವುದು ಬೇರೆ. ಜುಲೈ 1ರಿಂದ ಜೂನ್ 30ರೊಳಗೆ 180 ದಿನ ಪಾಠ ಆಗಿರಬೇಕು. ಇಲ್ಲವೇ ಆರನೇ ಗ್ರೇಡ್‌ವರೆಗೆ 900 ಗಂಟೆ, ಅದರ ಮೇಲಿನವರಿಗೆ 990 ಗಂಟೆ. ಪಾಠ ನಡೆದ ಹಾಗೆಲ್ಲ ಬರೆದ ಲಾಗ್ ಇರಬೇಕು, ಅದರಲ್ಲಿ ಓದಿದ ಪುಸ್ತಕಗಳ ಹೆಸರು ಇರಬೇಕು. ಮಗು ಬರೆದಿದ್ದು, ಮಾಡಿದ್ದು ಕೆಲವು ಮಾದರಿ ಬೇಕು. ಮೂರು, ಐದು, ಎಂಟನೇ ಗ್ರೇಡ್‌ನಲ್ಲಿ ಓದು-ಭಾಷೆ ಮತ್ತು ಗಣಿತಕ್ಕೆ ರಾಷ್ಟ್ರಮಟ್ಟದ ಒಂದು ಟೆಸ್ಟ್. ಇಷ್ಟನ್ನು ನೋಡಿ, ಮಗುವಿನ ಜೊತೆ ಮಾತಾಡಿ ನಾನು ಪತ್ರ ಬರೆದುಕೊಡುತ್ತೇನೆ. ಅದನ್ನು ಜೂನ್ 30ರೊಳಗೆ ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟ್ ಸೂಪರಿಂಟೆಂಡೆಂಟ್‌ಗೆ ಕೊಟ್ಟರಾಯಿತು. 2014ರ ತಿದ್ದುಪಡಿ ಆದಮೇಲೆ ಪೋರ್ಟ್‌ಫೋಲಿಯೋವನ್ನೇ (ಲಾಗ್, ಮಾದರಿ, ಟೆಸ್ಟ್ ಫಲಿತಾಂಶ ಇರುವ ಕಡತ) ಹೊತ್ತುಕೊಂಡು ಹೋಗಿ ಅಲ್ಲಿ ಕೊಡಬೇಕಾಗಿಲ್ಲ.

ತೊಂದರೆ ಇರುವುದು ಒಂದೇ ಆ್ಯಪ್‌ನಿಂದ ಎರಡು ಕೆಲಸ ಮಾಡಿಸಲು ಹೊರಟಿದ್ದರಲ್ಲಿ. ಮುಂದೆ ಏನು ಮಾಡಬೇಕು ಅನ್ನುವುದು ಬೇರೆ, ಇವತ್ತು ಏನು ಆಯಿತು ಅನ್ನುವುದು ಬೇರೆ. ಮಗಳಿಗೆ ಜ್ವರ ಬಂದು ಎರಡು ದಿನ ತಪ್ಪಿದರೆ ದಿನಾಂಕ ಹಾಕಿ ಕೂರಿಸಿದ ಇಡೀ ವರ್ಷ ಅಲ್ಲಾಡುತ್ತದೆ. ಹೋಮ್‌ಸ್ಕೂಲ್ ಪ್ಲ್ಯಾನೆಟ್ ಥರದ ಪ್ಲಾನರ್‌ಗಳಲ್ಲಿ ತಪ್ಪಿದ ಪಾಠವನ್ನು ಮುಂದಕ್ಕೆ ತಳ್ಳುವ ಅನುಕೂಲ ಇದೆ, ನಿಮ್ಮದರಲ್ಲೂ ಇದ್ದರೆ ಬಳಸಿ. ಆದರೆ ನನ್ನ ಸಲಹೆ ಕೇಳಿದರೆ, ದಿನಾಂಕ ಎರಡು ವಾರಕ್ಕೆ ಮಾತ್ರ ಹಾಕಿ. ಮಿಕ್ಕಿದ್ದು ಸುಮ್ನೆ ಪಾಠಗಳ ಪಟ್ಟಿಯಾಗಿ ಇರಲಿ.

ಲಾಗ್ ವಿಷಯದಲ್ಲಿ ನಿಮ್ಮನೆಯವರ ಮಾತು ಸರಿ. ಗೂಗಲ್ ಶೀಟ್ಸ್ ಧಾರಾಳ ಸಾಕು. ದಿನಾಂಕ, ವಿಷಯ, ಪುಸ್ತಕದ ಹೆಸರು, ಏನು ಮಾಡಿದೆವು, ಫೋಟೋ ಲಿಂಕ್ ಅಂತ ಐದು ಕಾಲಂ ಮಾಡಿ. ವಿಷಯಕ್ಕೆ ಡ್ರಾಪ್‌ಡೌನ್ ಇಡಿ, ಇಲ್ಲದಿದ್ದರೆ ಒಂದು ದಿನ ‘ಮ್ಯಾಥ್ಸ್’, ಇನ್ನೊಂದು ದಿನ ‘ಗಣಿತ’ ಅಂತ ಬರೆದು ಲೆಕ್ಕ ಕೆಡುತ್ತದೆ. ಒಂದೇ ದಿನಕ್ಕೆ ನಾಲ್ಕು ಸಾಲು ಇದ್ದರೂ ಪರವಾಗಿಲ್ಲ. ದಿನಾಂಕದ ಕಾಲಂ ಮೇಲೆ, ಒಂದೇ ದಿನಾಂಕ ಎಷ್ಟು ಸಲ ಬಂದರೂ ಒಮ್ಮೆ ಮಾತ್ರ ಎಣಿಸುವ ಕೌಂಟ್‌ಯುನೀಕ್ (COUNTUNIQUE) ಫಾರ್ಮುಲಾ ಹಾಕಿದರೆ ಒಟ್ಟು ಎಷ್ಟು ದಿನ ಆಯಿತು ಅಂತ ಅದೇ ಹೇಳುತ್ತದೆ. ಗಂಟೆ ಲೆಕ್ಕಕ್ಕೆ ಹೋಗಲೇಬೇಡಿ. ದಿನ ಅಥವಾ ಗಂಟೆ, ಯಾವುದಾದರೂ ಒಂದು ಸಾಕು ಅಂದಮೇಲೆ ಟೈಮರ್ ಹಿಡಿದು ಕೂರುವುದು ಯಾಕೆ?

ಶೀಟ್‌ನ ನಿಜವಾದ ಉಪಯೋಗ ಪಿವಟ್ ಟೇಬಲ್‌ನಲ್ಲಿದೆ, ಅಂದರೆ ಸಾಲುಗಳನ್ನು ಗುಂಪು ಮಾಡಿ ಎಣಿಸಿಕೊಡುವ ಸೌಲಭ್ಯದಲ್ಲಿ. ತಿಂಗಳಿಗೊಮ್ಮೆ ವಿಷಯವಾರು ಎಣಿಸಿ. ಗಣಿತ, ಇಂಗ್ಲಿಷ್ ಯಾರ ಮನೆಯಲ್ಲೂ ತಪ್ಪುವುದಿಲ್ಲ. ತಪ್ಪುವುದು ಪೆನ್ಸಿಲ್ವೇನಿಯಾ ಇತಿಹಾಸ, ಸಿವಿಕ್ಸ್, ಸಂಗೀತ. ಬೆಂಕಿ ಸುರಕ್ಷತೆ ಕೂಡ ಕಾನೂನು ಕೇಳುವ ವಿಷಯಗಳ ಪಟ್ಟಿಯಲ್ಲಿದೆ. ಅದು ಎಲ್ಲರಿಗೂ ನೆನಪಾಗುವುದು ಮೇ ತಿಂಗಳಲ್ಲೇ! ಅಕ್ಟೋಬರ್‌ನಲ್ಲಿ ಅಗ್ನಿಶಾಮಕ ಠಾಣೆಗಳೇ ಮಕ್ಕಳನ್ನು ಕರೆಯುತ್ತವೆ, ಈಗಲೇ ಮುಗಿಸಿಬಿಡಿ.

ಮಾದರಿಗಳಿಗೆ ವಿಷಯಕ್ಕೊಂದು ಫೋಲ್ಡರ್ ಸಾಕು. ವರ್ಷದ ಶುರುವಿನದು, ನಡುವಿನದು, ಕೊನೆಯದು ಒಂದೊಂದು ಇದ್ದರೆ ಮಗು ಎಷ್ಟು ಮುಂದೆ ಬಂದಿದೆ ಅಂತ ನನಗೆ ಕಾಣುತ್ತದೆ. ನೂರಾರು ವರ್ಕ್‌ಶೀಟ್ ಸ್ಕ್ಯಾನ್ ಮಾಡಿ ತಂದವರ ಪೋರ್ಟ್‌ಫೋಲಿಯೋಗಿಂತ ಹೀಗೆ ಆರಿಸಿ ತಂದದ್ದೇ ಚೆನ್ನ.

ಮೂರನೇ ಗ್ರೇಡ್ ಅಂದಿರಿ, ಹಾಗಾದರೆ ಈ ವರ್ಷವೇ ಟೆಸ್ಟ್ ಇದೆ. ಅಪ್ಪ ಅಮ್ಮ ತಾವೇ ಕೂರಿಸಿ ಬರೆಸುವ ಹಾಗಿಲ್ಲ, ಬೇರೆಯವರು ನಡೆಸಬೇಕು. ಊರಿಂದ ಬಂದ ತಕ್ಷಣ ಬುಕ್ ಮಾಡಲು ಕ್ಯಾಲೆಂಡರ್‌ನಲ್ಲಿ ಈಗಲೇ ಹಾಕಿಡಿ.

ಮೈಸೂರಿನಲ್ಲಿ ಪಾಠ ನಡೆದ ದಿನವನ್ನೂ ಲಾಗ್‌ಗೆ ಹಾಕಿ. ಹೋಗುವ ಮುಂಚೆ ಫೋನ್‌ನಲ್ಲಿ ಆ ಶೀಟ್‌ಗೆ ಆಫ್‌ಲೈನ್ ಆನ್ ಮಾಡಿ, ನೆಟ್ ಸಿಕ್ಕಾಗ ತಾನೇ ಸೇರಿಕೊಳ್ಳುತ್ತದೆ. ಅಜ್ಜಿ ಓದಿಸಿದ ಕನ್ನಡ ಪುಸ್ತಕವನ್ನೂ ಬರೆಯಿರಿ, ಪಕ್ಕದಲ್ಲಿ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿ. ಎಲ್ಲ ಇವ್ಯಾಲ್ಯುಯೇಟರ್‌ಗಳಿಗೂ ಕನ್ನಡ ಬರುವುದಿಲ್ಲವಲ್ಲ. ಅರಮನೆ ನೋಡಿದ್ದನ್ನು ಕಲೆ ಅಥವಾ ಭೂಗೋಳಕ್ಕೆ ಹಾಕಬಹುದು. ಪೆನ್ಸಿಲ್ವೇನಿಯಾ ಇತಿಹಾಸಕ್ಕೆ ಮಾತ್ರ ಹಾಕಬೇಡಿ, ಹಾಗೆ ಹಾಕಿದವರನ್ನೂ ನೋಡಿದ್ದೇನೆ!

ಮರುಪ್ರಶ್ನೆ (ಅದೇ ಅಮ್ಮ): ತುಂಬಾ ಥ್ಯಾಂಕ್ಸ್ ಮೇಡಂ. ಆದರೆ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಲಾಗ್ ಅಂತ ಏನೂ ಬರೆದಿಲ್ಲ. ಈಗ ಕೂತು ತುಂಬಿಸಬಹುದಾ?

ಉತ್ತರ: ಊಹೆ ಮೇಲೆ ತುಂಬಬೇಡಿ. ಒಂದೇ ರಾತ್ರಿಯಲ್ಲಿ ಬರೆದ ಲಾಗ್ ನೋಡಿದ ಕೂಡಲೇ ಗೊತ್ತಾಗುತ್ತದೆ, ದಿನವೂ ಅದೇ ನಾಲ್ಕು ವಿಷಯ, ಅದೇ ಕ್ರಮ. ಫೋನಿನ ಫೋಟೋಗಳಲ್ಲಿ ದಿನಾಂಕ ಇರುತ್ತದೆ. ಲೈಬ್ರರಿ ಅಕೌಂಟ್‌ನಲ್ಲಿ ಹಳೆಯ ಪುಸ್ತಕಗಳ ಪಟ್ಟಿ ಉಳಿಸುವ ಆಯ್ಕೆ ಆನ್ ಇದ್ದರೆ ಅದೂ ಸಿಗುತ್ತದೆ. ಆ್ಯಪ್‌ನಲ್ಲಿ ಮುಗಿಯಿತು ಅಂತ ಟಿಕ್ ಹಾಕಿದ ಪಾಠಗಳೂ ಪುರಾವೆಯೇ. ಇವುಗಳಿಂದ ಖಚಿತವಾದ ದಿನಗಳನ್ನಷ್ಟೇ ಬರೆದು, ‘ಫೋಟೋ ನೋಡಿ ಬರೆದದ್ದು’ ಅಂತ ಸಾಲಿನಲ್ಲೇ ಹೇಳಿ. ದಿನ ಕಡಿಮೆಯಾದರೆ ಗಾಬರಿ ಬೇಡ, ಜೂನ್ ಕೊನೆಯವರೆಗೆ ಸಮಯ ಇದೆ. ಶನಿವಾರದ ಪಾಠವೂ ಪಾಠವೇ.

ಪ್ರಶ್ನೆ (ನ್ಯೂಜೆರ್ಸಿಯ ಒಬ್ಬ ಅಪ್ಪ): ನಮ್ಮಲ್ಲಿ ಯಾರೂ ಏನೂ ಕೇಳುವುದಿಲ್ಲ. ಆದರೂ ಇದೆಲ್ಲ ಬೇಕಾ?

ಉತ್ತರ: ನೀವು ಹೇಳಿದ್ದು ನಿಜ, ನ್ಯೂಜೆರ್ಸಿಯಲ್ಲಿ ಮೊದಲೇ ತಿಳಿಸಬೇಕು ಅನ್ನುವ ನಿಯಮವೂ ಇಲ್ಲ. ಆದರೆ ಕೆಲಸ ಬದಲಾಗಿ ನ್ಯೂಯಾರ್ಕ್‌ಗೆ ಹೋದರೆ ವರ್ಷದ ಲಿಖಿತ ಯೋಜನೆ, ಮೂರು ತಿಂಗಳಿಗೊಂದು ವರದಿ ಎಲ್ಲ ಕೊಡಬೇಕು. ಪುಸ್ತಕದ ಪಟ್ಟಿ, ನಾಲ್ಕು ಮಾದರಿ ಇಟ್ಟುಕೊಳ್ಳಿ. ಅಷ್ಟು ಸಾಕು.

ಪ್ರಶ್ನೆ (ಬೆಂಗಳೂರಿನ ಒಬ್ಬ ಅಮ್ಮ): ಮಗನಿಗೆ 13. ಎನ್‌ಐಒಎಸ್‌ನಲ್ಲಿ (ಶಾಲೆಗೆ ಹೋಗದೆ ಪರೀಕ್ಷೆ ಬರೆಯಬಹುದಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಹತ್ತನೇ ತರಗತಿ ಬರೆಸೋಣ ಅಂತ. ನಮಗೂ ಇದೇ ಶೀಟ್ ಆಗುತ್ತಾ?

ಉತ್ತರ: ನಿಮಗೆ ಲಾಗ್‌ಗಿಂತ ಕ್ಯಾಲೆಂಡರ್ ಮುಖ್ಯ. ಅಲ್ಲಿ ದಿನದ ಲೆಕ್ಕ ಕೇಳುವುದಿಲ್ಲ. ಸೆಕೆಂಡರಿಗೆ, ಅಂದರೆ ಹತ್ತನೇ ತರಗತಿಗೆ, ಸೇರಲು 14 ತುಂಬಿರಬೇಕು. ಪಾಸಾಗಲು ಐದು ವಿಷಯ ಬೇಕು. ಪರೀಕ್ಷೆ ಏಪ್ರಿಲ್-ಮೇ ಒಮ್ಮೆ, ಅಕ್ಟೋಬರ್-ನವೆಂಬರ್ ಒಮ್ಮೆ. ಒಂದು ಸಲ ಸೇರಿದರೆ ಐದು ವರ್ಷ ಅವಕಾಶ ಇರುವುದರಿಂದ ಐದನ್ನೂ ಒಂದೇ ಸಲ ಬರೆಯಬೇಕು ಅಂತೇನಿಲ್ಲ. ಹಾಗಾಗಿ ಪರೀಕ್ಷೆ ತಿಂಗಳಿಂದ ಹಿಂದಕ್ಕೆ ಎಣಿಸಿ ವಿಷಯ ಹಂಚಿ. ಟಿಎಂಎ ಅಸೈನ್‌ಮೆಂಟ್‌ಗೆ (ಮನೆಯಲ್ಲಿ ಬರೆದು ಒಪ್ಪಿಸುವ ಕೆಲಸ) 20 ಪರ್ಸೆಂಟ್ ಅಂಕ ಇದೆ. ಅದರ ಕೊನೆಯ ದಿನಾಂಕಕ್ಕೆ ಎರಡೆರಡು ರಿಮೈಂಡರ್ ಇಡಿ.

ಮರುಪ್ರಶ್ನೆ (ಪಿಟ್ಸ್‌ಬರ್ಗ್ ಅಮ್ಮ): ಕೊನೆಯದಾಗಿ, ಆ್ಯಪ್ ಚಂದಾ ಮುಂದುವರಿಸಲಾ, ನಿಲ್ಲಿಸಲಾ?

ಉತ್ತರ: ಒಬ್ಬಳೇ ಮಗಳು ತಾನೇ? ನಿಲ್ಲಿಸಿ. ಮೂರು ನಾಲ್ಕು ಮಕ್ಕಳಿದ್ದು ಪುಸ್ತಕ, ಸಮಯ ಹೊಂದಿಸಬೇಕಾದವರಿಗೆ ಅದು ದುಡ್ಡಿಗೆ ತಕ್ಕ ಕೆಲಸ ಮಾಡುತ್ತದೆ. ನಿಲ್ಲಿಸುವ ಮುಂಚೆ ಇಲ್ಲಿವರೆಗಿನದನ್ನೆಲ್ಲ ಸಿಎಸ್‌ವಿ (ಶೀಟ್ಸ್‌ನಲ್ಲಿ ತೆರೆಯಬಹುದಾದ ಫೈಲ್) ಅಥವಾ ಪಿಡಿಎಫ್ ಆಗಿ ಇಳಿಸಿಕೊಳ್ಳಿ. ಚಂದಾ ಮುಗಿದ ಮೇಲೆ ಒಳಗೆ ಹೋಗಲು ಬಿಡುತ್ತಾರೆ ಅಂತ ನಂಬಿ ಕೂರಬೇಡಿ.