ಟ್ರಿಪ್ ಲೆಕ್ಕದ ಕೂಲಿ, ನೋವು ಮುಚ್ಚಿಡುವ ಗೈಡ್‌ಗಳು: ನೀವೇನು ಮಾಡುತ್ತೀರಿ?

ಕಾಳಿದಂಡೆ:
ಎಲ್ಲರಿಗೂ ನಮಸ್ಕಾರ. ದಾಂಡೇಲಿ ಹತ್ತಿರದ ಗಣೇಶಗುಡಿ ಕಡೆ, ಕಾಳಿ ನದಿಯಲ್ಲಿ ನಮ್ಮದೊಂದು ಸಣ್ಣ ರಾಫ್ಟಿಂಗ್ ವ್ಯವಹಾರ ಇದೆ. ನಾಲ್ಕು ಬೋಟು, ಏಳು ಗೈಡ್‌ಗಳು, ಅಡುಗೆ, ಆಫೀಸು, ಜೀಪು ಎಲ್ಲ ಸೇರಿ ಹನ್ನೊಂದು ಜನ ಕೆಲಸಕ್ಕಿದ್ದಾರೆ. ಗೈಡ್‌ಗಳಿಗೆ ಟ್ರಿಪ್ ಲೆಕ್ಕದಲ್ಲಿ ದುಡ್ಡು. ಹೋದ ತಿಂಗಳು ಒಂದು ಶನಿವಾರ ಒಬ್ಬ ಹುಡುಗನ ಭುಜ ಕಳಚಿತು. ಬೋಟು ಮಗುಚಿರಲಿಲ್ಲ, ಗಿರಾಕಿಗಳಿಗೆ ಏನೂ ಆಗಿರಲಿಲ್ಲ. ಅವನಿಗೆ ಅದು ಆ ದಿನದ ನಾಲ್ಕನೇ ಟ್ರಿಪ್. ಬೆಳಿಗ್ಗೆಯಿಂದಲೇ ನೋಯುತ್ತಿತ್ತಂತೆ. ಯಾಕಪ್ಪಾ ಹೇಳಲಿಲ್ಲ ಅಂದರೆ, "ಹೇಳಿದ್ರೆ ಮಧ್ಯಾಹ್ನದ ಎರಡು ಟ್ರಿಪ್ ಹೋಗ್ತಿತ್ತಲ್ಲಾ ಅಣ್ಣಾ" ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಸ್ಪತ್ರೆ ಖರ್ಚು ನಾನೇ ಕೊಟ್ಟೆ. ಆರು ವಾರ ಪ್ಯಾಡಲ್ ಮುಟ್ಟಬಾರದು ಅಂದಿದ್ದಾರೆ. ಗಿರಾಕಿಗಳಿಗೆಲ್ಲ ಇನ್ಶೂರೆನ್ಸ್ ಮಾಡಿಸಿದ್ದೇನೆ, ಇವರಿಗೆ ಮಾಡಿಸಿಲ್ಲ. ಹೇಳಿಕೊಳ್ಳೋಕೆ ನಾಚಿಕೆ ಆಗುತ್ತದೆ. ಇದೇ ಕಸುಬಿನಲ್ಲಿರುವವರು ಸಂಬಳ, ಇನ್ಶೂರೆನ್ಸ್ ಎಲ್ಲ ಹೇಗೆ ನಡೆಸುತ್ತೀರಿ?

ಹಳೇ ಗೈಡ್:
ಎಂಟು ವರ್ಷ ಇದೇ ಕೆಲಸ ಮಾಡಿದವನು ನಾನು. ಮಳೆಗಾಲದಲ್ಲಿ ಕೊಡಗಿನ ಬರಪೊಳೆ ನದಿ, ಮಳೆ ಹೋದ ಮೇಲೆ ಕಾಳಿ. ನಿಮ್ಮ ಹುಡುಗ ಹೇಳಿದ ಮಾತು ನಾನೂ ಹತ್ತು ಸಲ ನುಂಗಿದ್ದೇನೆ.

ಹೊರಗಿನವರಿಗೆ ರ‍್ಯಾಪಿಡ್ (ನೀರು ರಭಸವಾಗಿ ನುಗ್ಗುವ ಜಾಗ) ಮಾತ್ರ ಕಾಣುತ್ತದೆ. ಮೈ ಹಾಳಾಗುವುದು ಬೇರೆ ಕಡೆ. ಬೋಟು ಹೊತ್ತು ದಂಡೆ ಇಳಿಯುವಾಗ, ಹವಾಯಿ ಚಪ್ಪಲಿಯಲ್ಲಿ ಪಾಚಿ ಕಲ್ಲಿನ ಮೇಲೆ ಓಡುವಾಗ, ನೀರಿಗೆ ಬಿದ್ದ ದಪ್ಪ ಗಿರಾಕಿಯನ್ನು ಜಾಕೆಟ್ ಹಿಡಿದು ಎಳೆದು ಒಳಗೆ ಹಾಕಿಕೊಳ್ಳುವಾಗ. ಭುಜ, ಸೊಂಟ, ಮಂಡಿ ಹೋಗುವುದು ಅಲ್ಲೇ. ಇನ್ನೊಂದು, ಸೂಪಾ ಡ್ಯಾಮಿನವರು ನಿಮ್ಮ ಬುಕಿಂಗ್ ನೋಡಿ ನೀರು ಬಿಡುವುದಿಲ್ಲ, ಕರೆಂಟು ಬೇಕಾದಾಗ ಬಿಡುತ್ತಾರೆ. ನೀರು ತಡವಾದ ದಿನ ಬೆಳಗಿನ ಬ್ಯಾಚು, ಮಧ್ಯಾಹ್ನದ ಬ್ಯಾಚು ಎಲ್ಲ ಒಟ್ಟಿಗೆ ಸೇರಿ, ಊಟಕ್ಕೂ ಬಿಡದೆ ಒಂದರ ಹಿಂದೆ ಒಂದು ಓಡಿಸುತ್ತಾರೆ. ನಾನು ನೋಡಿದ ಎಡವಟ್ಟುಗಳೆಲ್ಲ ಜಾಸ್ತಿ ಅಂತಹ ದಿನಗಳಲ್ಲೇ ಆಗಿದ್ದು.

ದಿನಗೂಲಿ ಗಟ್ಟಿ ಮಾಡಿ, ಟ್ರಿಪ್ ಭತ್ಯೆ ಚಿಕ್ಕದಿರಲಿ. ಒಬ್ಬನಿಗೆ ದಿನಕ್ಕೆ ಮೂರಕ್ಕಿಂತ ಜಾಸ್ತಿ ಬೇಡ. ಬೋಟು ಇಳಿಸಬೇಕೋ ಬೇಡವೋ ಅನ್ನುವ ಮಾತು ಹಿರಿಯ ಗೈಡ್‌ದೇ ಆಗಬೇಕು. ಗಿರಾಕಿಯಿಂದ ಅಡ್ವಾನ್ಸ್ ತಗೊಂಡವರು ಆ ತೀರ್ಮಾನ ಮಾಡಬಾರದು. ಅಂದರೆ ನೀವು, ಬೇಜಾರು ಮಾಡ್ಕೋಬೇಡಿ.

ಲೆಕ್ಕದಕ್ಕ:
ನಾನು ಹುಬ್ಬಳ್ಳಿಯಲ್ಲಿ ಪಿಎಫ್, ಇಎಸ್ಐ (ಕೆಲಸದವರ ಸರ್ಕಾರಿ ವಿಮೆ) ಕೆಲಸ ನೋಡುವವಳು. ಹನ್ನೊಂದು ಜನ ಅಂದಿರಿ ಅಲ್ವಾ? ಇಎಸ್ಐಗೆ ಹತ್ತು ಜನ ಇದ್ದರೆ ಸಾಕು. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಬರುತ್ತಾರೆ. ಸಂಬಳದ ಮೇಲೆ ಕಂತು ಮಾಲೀಕರದು ಶೇ. 3.25, ಕೆಲಸದವರದು ಶೇ. 0.75. ಇದು ಇದ್ದಿದ್ದರೆ ಕೆಲಸದಲ್ಲಿ ಪೆಟ್ಟಾದ ಆ ಹುಡುಗನಿಗೆ ಚಿಕಿತ್ಸೆಯ ಜೊತೆಗೆ, ಮನೆಯಲ್ಲಿ ಕೂತ ದಿನಗಳಿಗೆ ಕೂಲಿಯ ಸುಮಾರು ಶೇ. 90ರಷ್ಟು ಸಿಗುತ್ತಿತ್ತು. ಹತ್ತಕ್ಕಿಂತ ಕಡಿಮೆ ಜನ ಇರುವವರು ಸುಮ್ನೆ ಕೂರಬೇಡಿ, ಕೆಲಸದಲ್ಲಿ ಪೆಟ್ಟಾದವರಿಗೆ ಪರಿಹಾರ ಕೊಡುವ ಡಬ್ಲ್ಯೂಸಿ ಪಾಲಿಸಿ ಅಂತ ಕೇಳಿದರೆ ಇನ್ಶೂರೆನ್ಸ್‌ನವರು ಕೊಡುತ್ತಾರೆ.

"ಅವರು ಫ್ರೀಲ್ಯಾನ್ಸ್ ಕಣ್ರೀ" ಅನ್ನುವ ಮಾತು ನನ್ನ ಮುಂದೆ ದಿನಾ ಬರುತ್ತದೆ. ನಿಮ್ಮ ಬೋಟು, ನಿಮ್ಮ ಟೈಮು, ನಿಮ್ಮ ಟೀ ಶರ್ಟು ಹಾಕಿಕೊಂಡು ದುಡಿಯುವವನನ್ನು ಫ್ರೀಲ್ಯಾನ್ಸ್ ಅಂದ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ. ಏನಾದರೂ ಆದರೆ ನೀವು ಹೊಣೆಯಲ್ಲ ಅಂತ ಗಿರಾಕಿ ಸಹಿ ಹಾಕುವ ಫಾರ್ಮಿಗೂ ನಿಮ್ಮ ಕೆಲಸದವರಿಗೂ ಸಂಬಂಧವೇ ಇಲ್ಲ.

ಮಲೆನಾಡು ಚಾರಣ:
ದಿನಗೂಲಿ ಹೇಳೋದು ಸುಲಭ ಗುರುಗಳೇ. ನಾನು ಒಂದು ಸೀಸನ್ ಕೊಟ್ಟು ನೋಡಿದೆ. ಬುಕಿಂಗ್ ಇಲ್ಲದ ವಾರ ಕೈಯಿಂದ ಹೋಯಿತು, ಒಂದಿಬ್ಬರು ಸಣ್ಣಪುಟ್ಟ ನೆಪಕ್ಕೂ ಬರಲ್ಲ ಅನ್ನೋಕೆ ಶುರು ಮಾಡಿದರು. ಈಗ ಶನಿವಾರ, ಭಾನುವಾರಕ್ಕೆ ಮಾತ್ರ ಗಟ್ಟಿ ಕೂಲಿ, ಟ್ರೆಕ್ ಕ್ಯಾನ್ಸಲ್ ಆದರೂ ಕೊಡುತ್ತೇನೆ.

ಆದರೆ ನೋವು ಮುಚ್ಚಿಡುವ ವಿಷಯ ನಿಜ. ನಮಗೆ ನೀರಿನ ಬದಲು ಉಣುಗು. ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಇನ್ನೂ ಹೋಗಿಲ್ಲ. ಚಳಿಗಾಲದಿಂದ ಮಳೆ ಬರುವವರೆಗೆ ಅದರ ಕಾಲ, ಚಾರಣದ ಸೀಸನ್ನೂ ಅದೇ. ಗಿರಾಕಿ ಒಂದು ದಿನ ಬಂದು ಹೋಗುತ್ತಾನೆ, ನಮ್ಮ ಹುಡುಗರು ವಾರವಾರ ಅದೇ ತರಗೆಲೆಯ ಮೇಲೆ ಕೂರುತ್ತಾರೆ. ಉಣುಗು ಹತ್ತದಂತೆ ಡೇಪಾ ಎಣ್ಣೆ ಹಚ್ಚಿಸುತ್ತೇನೆ, ಸಂಜೆ ಮೈ, ಬಟ್ಟೆ ನೋಡಿಸುತ್ತೇನೆ. ಆದರೂ ಒಬ್ಬ ಜ್ವರ ಇಟ್ಟುಕೊಂಡು, ಮಾತ್ರೆ ನುಂಗಿ, ಹೇಳದೆ ಬಂದಿದ್ದ. ಪುಣ್ಯಕ್ಕೆ ಅದು ಬರೀ ಜ್ವರ. ಅವತ್ತಿನಿಂದ ಜ್ವರ ಅಂತ ಹೇಳಿದವನಿಗೆ ಆ ದಿನದ ಕೂಲಿ ಕೇಳದೇ ಕೊಡುತ್ತೇನೆ.

ಕಾಳಿದಂಡೆ:
ಹಳೇ ಗೈಡ್ ಅಣ್ಣಾ, ಬೇಜಾರೇನಿಲ್ಲ, ಸರಿಯಾಗೇ ಹೇಳಿದಿರಿ. ಅಕ್ಕಾ, ಇಎಸ್ಐ ನೋಂದಣಿಗೆ ಸೋಮವಾರ ಕೂರುತ್ತೇನೆ. ಹಳೆಯದಕ್ಕೆ ಏನಾದರೂ ಆಗುತ್ತದೋ ಇಲ್ಲವೋ, ಆರು ವಾರದ ಕೂಲಿ ನಾನೇ ಕೊಡುತ್ತೇನೆ. ಮೂರು ಟ್ರಿಪ್ ನಿಯಮಕ್ಕೆ ಅಕ್ಕಪಕ್ಕದವರೂ ಒಪ್ಪಬೇಕು, ಇಲ್ಲದಿದ್ದರೆ ನಾನು ಇಲ್ಲ ಅಂದ ಗಿರಾಕಿ ಪಕ್ಕದ ದಂಡೆಗೆ ಹೋಗಿ ಅದೇ ಸುಸ್ತಾದ ಗೈಡ್ ಜೊತೆ ಬೋಟು ಹತ್ತುತ್ತಾನೆ. ಮಾತಾಡಿ ನೋಡುತ್ತೇನೆ. ಸದ್ಯಕ್ಕೆ ಭುಜದ ಹುಡುಗನನ್ನು ಬುಕಿಂಗ್ ಫೋನಿಗೆ ಕೂರಿಸಿದ್ದೇನೆ. ನಿನ್ನೆ ಯಾರಿಗೋ, "ನೀರು ಬಂದ್ರೆ ಮಾತ್ರ ಸಾರ್, ಗ್ಯಾರಂಟಿ ಇಲ್ಲ" ಅಂತ ನನ್ನ ಎದುರೇ ಹೇಳಿದ. ನಾನು ಸುಮ್ಮನಿದ್ದೆ.